ಮಲಪ್ರಭೆಯ ದಂಡೆಯಲ್ಲಿ ಒಂದು ರವಿವಾರ

ಬೆಳಗಾವಿಯಲ್ಲಿ ಹುಟ್ಟಿ ಬೆಳೆದವರಿಗೆ ಸಿಪಾಯಿ ಎಂದರೆ ಹೊಸಬನಲ್ಲ. ಬೆಳಗಿನ ಜಾವದ ಚಳಿಯಲ್ಲಿ ಕ್ಯಾಂಪಿನ ಕಡೆಯಿಂದ ತೇಲಿಬರುವ ಕಹಳೆಯ ದನಿ, ರಸ್ತೆಯ ಅಂಚಿನಲ್ಲಿ ಸಾಲಾಗಿ ಓಡುವ ಹೊಸ ರಂಗರೂಟರು, ಮಿಲಿಟರಿ ಮಹಾದೇವನ ಗುಡಿಯ ತೋಟದಲ್ಲಿ ಸಂಜೆಯ ಹೊತ್ತು ಹೆಂಡಿರು ಮಕ್ಕಳೊಡನೆ ಕುಳಿತ ಜವಾನರು, ಇವೆಲ್ಲ ನಮ್ಮ ಊರಿನ ನಿತ್ಯದ ನೋಟಗಳು. 1768ರಷ್ಟು ಹಿಂದಕ್ಕೆ ತನ್ನ ಮೊದಲ ಪಲ್ಟನ್ನಿನ ಹುಟ್ಟನ್ನು ಎಣಿಸುವ ಮರಾಠಾ ಲೈಟ್ ಇನ್‌ಫೆಂಟ್ರಿಯು 1922ರಿಂದ ಇಲ್ಲಿಯೇ ತನ್ನ ಕೇಂದ್ರವನ್ನು ಹೂಡಿದೆ. ಒಂದು ನೂರು ವರುಷಗಳ ನೆರೆಹೊರೆ ಎಂದ ಮೇಲೆ ಕೇಳಬೇಕೆ? ಆದರೆ ದಿನವೂ ಕಾಣುವುದನ್ನು ನಾವು ನಿಜವಾಗಿ ಕಾಣುವುದಿಲ್ಲ ಎಂಬ ಮಾತೂ ಅಷ್ಟೇ ಸತ್ಯ.

ಪ್ರತಿ ವರುಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ಬರುತ್ತದೆ. 1949ರಿಂದ ನಡೆದು ಬಂದ ಪದ್ಧತಿ ಇದು. ಶಾಲೆಯ ಮಕ್ಕಳು ಡಬ್ಬಿ ಹಿಡಿದು ಬರುತ್ತಾರೆ. ನಾವು ನಾಣ್ಯವನ್ನೋ ನೋಟನ್ನೋ ಹಾಕುತ್ತೇವೆ. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಪುಟ್ಟ ಧ್ವಜವನ್ನು ಅಂಗಿಗೆ ಚುಚ್ಚಿಕೊಳ್ಳುತ್ತೇವೆ. ಸಂಜೆ ಅಂಗಿ ಕಳಚಿದಾಗ ಧ್ವಜವೂ ಕಳಚುತ್ತದೆ, ಸಿಪಾಯಿಯ ನೆನಪೂ ಕಳಚುತ್ತದೆ. ನಾನು ಶಾಲೆಯ ಮಾಸ್ತರ. ಇಪ್ಪತ್ತು ವರುಷ ಆ ಡಬ್ಬಿಗಳನ್ನು ಮಕ್ಕಳ ಕೈಗೆ ಕೊಟ್ಟು ಕಳಿಸಿದವನು. ಅದರಾಚೆಗೆ ಏನನ್ನೂ ಮಾಡಿದವನಲ್ಲ ಎಂದು ಒಪ್ಪಿಕೊಂಡೇ ಈ ಪ್ರಯಾಣದ ಕಥೆಯನ್ನು ಹೇಳುತ್ತೇನೆ.

2022ರ ನವೆಂಬರ್ ತಿಂಗಳಲ್ಲಿ ಅಮೆರಿಕೆಯಲ್ಲಿರುವ ನನ್ನ ಅಕ್ಕನ ಮಗ ಊರಿಗೆ ಬಂದಿದ್ದ. ಒಂದು ಸಂಜೆ ಟಿಳಕವಾಡಿಯ ನಮ್ಮ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಆತ ಒಂದು ವಿಶೇಷವನ್ನು ಹೇಳಿದ. ಅಲ್ಲಿಯ ಕಡಲತೀರದ ಊರುಗಳಲ್ಲಿ ದೋಣಿಯುಳ್ಳವರು ವರುಷಕ್ಕೊಮ್ಮೆ ಸೈನಿಕರನ್ನು ಕೂಡಿಸಿಕೊಂಡು ನಡುಗಡಲಿಗೆ ಹೋಗಿ, ಇಡೀ ದಿನ ಅವರೊಡನೆ ಗಾಳ ಹಾಕಿ, ಸಂಜೆ ದಡಕ್ಕೆ ತಂದು ಬಿಡುತ್ತಾರಂತೆ. ಖರ್ಚೆಲ್ಲ ಊರವರದು. 2005ರಲ್ಲಿ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ತಾನೇ ರೋಗಿಯಾಗಿದ್ದ ಎಡ್ ನಿಕೋಲ್ಸನ್ ಎಂಬ ನೌಕಾಪಡೆಯ ನಿವೃತ್ತ ಕ್ಯಾಪ್ಟನ್, ಅಲ್ಲಿದ್ದ ಗಾಯಾಳು ಸೈನಿಕರಿಗಾಗಿ ಇಂಥದೇ ಒಂದು ಸಂಸ್ಥೆಯನ್ನು ಕಟ್ಟಿದನು. ಕೈಕಾಲು ಕಳೆದುಕೊಂಡ ತರುಣರು ಮೊದಲು ಆಸ್ಪತ್ರೆಯ ಹುಲ್ಲಿನ ಮೇಲೆ ಗಾಳ ಬೀಸುವುದನ್ನು ಕಲಿತು, ಆಮೇಲೆ ನದಿಗೆ ಹೋದರು. ಗುಣವಾಗುವುದು ಗಾಯವೊಂದೇ ಅಲ್ಲ, ಮನಸ್ಸೂ ಗುಣವಾಗಬೇಕು ಎಂಬುದು ಅವರ ತಿಳಿವು.

ಮಾತು ನಮ್ಮ ಓಣಿಯ ಗೆಳೆಯರ ಕಿವಿಗೆ ಬಿದ್ದಿತು. ಎರಡೇ ದಿನಗಳಲ್ಲಿ ಉತ್ಸಾಹ ಉಕ್ಕಿ ಹರಿಯಿತು. "ನಾವೂ ಮಾಡೋಣ! ಕಾರವಾರಕ್ಕೆ ಹೋಗೋಣ, ದೋಣಿ ಹಿಡಿಯೋಣ!" ಎಂದರು. ಕಾರವಾರದಲ್ಲಿ 2005ರಿಂದ ನೌಕಾಪಡೆಯ ದೊಡ್ಡ ನೆಲೆ ಇದೆ. ಅದರ ಹೆಸರು 'ಕದಂಬ'. ಆ ಕದಂಬರ ಎರಡನೆಯ ರಾಜಧಾನಿ ಪಲಾಶಿಕೆ, ಎಂದರೆ ನಮ್ಮ ಖಾನಾಪುರ ತಾಲೂಕಿನ ಹಲಸಿಯೇ. ಹೀಗಾಗಿ ಬೆಳಗಾವಿಯವರು ಸಿಪಾಯಿಗಳನ್ನು ಕಾರವಾರದ ಕಡಲಿಗೆ ಕರೆದೊಯ್ಯುವುದು ಇತಿಹಾಸಕ್ಕೂ ಒಪ್ಪುವ ಕೆಲಸವೆಂದು ನಾನೂ ನನ್ನ ಮಾಸ್ತರಿಕೆಯನ್ನು ತೋರಿಸಿದೆ. ಚಂದಾ ಕೂಡಿತು. ಯಾರನ್ನು ಕರೆಯಬೇಕೆಂದು ಯೋಚಿಸಿದಾಗ ಎಲ್ಲರ ಬಾಯಲ್ಲಿ ಮೊದಲು ಬಂದ ಹೆಸರು ನಮ್ಮ ಓಣಿಯ ಹವಾಲ್ದಾರ ಕಾಕಾನದು.

ಕಾಕಾನಿಗೆ ಆಗ ಎಪ್ಪತ್ತೊಂದು ವರುಷ. ಹುಟ್ಟೂರು ಖಾನಾಪುರದ ಬಳಿ ಹೊಳೆದಂಡೆಯ ಒಂದು ಹಳ್ಳಿ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಪಲ್ಟನ್ನಿನ ಹಿಂದಿ. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. 1944ರಲ್ಲಿ ಆರಂಭವಾದ ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಮಾಡಿದ ಕಾಲನ್ನು ಕಟ್ಟಿಕೊಂಡು ಪ್ರತಿದಿನ ಕಾಂಗ್ರೆಸ್ ಬಾವಿಯವರೆಗೆ ನಡೆದು ಬರುತ್ತಾನೆ. ಗಾಂಧೀಜಿ ತಮ್ಮ ಜೀವಮಾನದಲ್ಲಿ ಒಂದೇ ಒಂದು ಸಲ, 1924ರಲ್ಲಿ, ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನಕ್ಕೆಂದು ತೋಡಿದ ಬಾವಿ ಅದು. ಇಷ್ಟೆಲ್ಲ ತಿಳಿದಿದ್ದ ನಮಗೆ ಆತನ ಕಾಲು ಎಲ್ಲಿ ಹೋಯಿತು, ಹೇಗೆ ಹೋಯಿತು ಎಂಬುದು ಮಾತ್ರ ತಿಳಿದಿರಲಿಲ್ಲ. ಕೇಳಿದವರಿಗೆ ಕಾಕಾ "ಅದು ಪಿಂಚಣಿ ತಗೊಂಡು ನನಕಿಂತ ಮೊದಲs ಮನೀಗೆ ಹೋತು" ಎಂದು ನಕ್ಕುಬಿಡುತ್ತಿದ್ದ.

ನಾವು ನಾಲ್ವರು ಹೋಗಿ ನಮ್ಮ ಯೋಜನೆಯನ್ನು ಅರುಹಿದೆವು. ಕಾಕಾ ಪೂರ್ತಿ ಕೇಳಿದ. ಆಮೇಲೆ ನಿಧಾನವಾಗಿ ನುಡಿದ:

"ಮಾಸ್ತರ, ನಿಮ್ಮ ಮನಸ್ಸು ಛಲೋ ಐತಿ. ಆದ್ರ ಒಂದು ಮಾತು ಕೇಳ್ತೀನಿ. ಚಂದಾ ಎತ್ತಿ ಮೆರವಣಿಗಿ ಮಾಡಿ ನೀರಿಗೆ ಬಿಡಾಕ ನಾ ಏನು ಗಣಪತಿಯೇನ್ರಿ?"

ನಮ್ಮ ಬಾಯಿ ಕಟ್ಟಿತು. ಬೆಳಗಾವಿಯ ಗಣೇಶೋತ್ಸವವನ್ನು ಬಲ್ಲವರಿಗೆ ಈ ಮಾತಿನ ಮೊನಚು ತಿಳಿಯುತ್ತದೆ. ಉಪಕಾರ ಮಾಡಹೊರಟ ನಮಗೆ, ಉಪಕಾರವನ್ನು ಪಡೆಯುವವನ ಮುಖ ಹೇಗಿರುತ್ತದೆ ಎಂಬ ಯೋಚನೆಯೇ ಬಂದಿರಲಿಲ್ಲ. ಎದ್ದು ಹೊರಡಬೇಕೆನ್ನುವಷ್ಟರಲ್ಲಿ ಕಾಕಾ ಕೈಸನ್ನೆ ಮಾಡಿ ಕೂಡಿಸಿದ.

"ಬರಾಕ ಒಲ್ಲೆ ಅಂದಿಲ್ಲ. ನನ್ನ ಷರತ್ತು ಕೇಳ್ರಿ. ಕಡಲು ಬ್ಯಾಡ, ನಮ್ಮ ಹೊಳಿಗೆ ಹೋಗೋಣು. ಅಲ್ಲಿ ನಾ ಯಜಮಾನ, ನೀವು ಬೀಗರು. ಖರ್ಚು ಎಲ್ಲಾರೂ ಸಮ ಸಮ ಹಾಕೋದು, ನಾವೂ ಹಾಕ್ತೀವಿ. ಕೂಡಿದ ಚಂದಾ ಧ್ವಜ ದಿನದ ನಿಧಿಗೆ ಕೊಟ್ಟು ಬಿಡ್ರಿ. ದಂಡೀ ಮ್ಯಾಲ ಯಾರೂ ಲಡಾಯಿ ಕಥಿ ಕೇಳಬಾರದು. ಮತ್ತ ಹೋಗೋದು ಡಿಸೆಂಬರ್ ಹನ್ನೊಂದಕ್ಕ. ಆವತ್ತು ರವಿವಾರ ಐತಿ."

ಹನ್ನೊಂದೇ ಏಕೆ ಎಂದು ಯಾರೂ ಕೇಳಲಿಲ್ಲ. ರವಿವಾರವಾದುದರಿಂದ ಎಂದುಕೊಂಡೆವು.

ಹೊರಟವರು ಹದಿನಾಲ್ಕು ಜನ. ಸಿಪಾಯಿಗಳು ಮೂವರು. ಕಾಕಾನ ಹೊರತು ಎರಡನೆಯವರು ಸಿಯಾಚಿನ್‌ನ ಹಿಮದಲ್ಲಿ ಬಲಗೈಯ ಮೂರು ಬೆರಳುಗಳನ್ನು ಕಳೆದುಕೊಂಡು ನಿವೃತ್ತರಾದ ನಾಯಕರು. 1984ರ ಏಪ್ರಿಲ್‌ನಿಂದ ನಮ್ಮ ಸೇನೆ ಕಾಯುತ್ತಿರುವ ಆ ನೀರ್ಗಲ್ಲಿನ ಮೇಲೆ ಗುಂಡಿಗಿಂತ ಚಳಿಯೇ ದೊಡ್ಡ ವೈರಿ. ಮೂರನೆಯವನು ಹಿಂದಿನ ಓಣಿಯ ಇಪ್ಪತ್ತಾರರ ತರುಣ. ಅವನ ಮೈಮೇಲೆ ಒಂದು ಗೀರೂ ಇಲ್ಲ. ರಜೆಯ ಮೇಲೆ ಬಂದವನು ರಾತ್ರಿ ನಿದ್ರಿಸುವುದಿಲ್ಲ. ಮನೆಯಲ್ಲಿ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಾನೆ ಎಂದು ಅವನ ತಾಯಿ ನನ್ನ ಮನೆಯಾಕೆಯ ಮುಂದೆ ಕಣ್ಣೀರಿಟ್ಟಿದ್ದರು. ಸೇನೆಯ ವೈದ್ಯರ ಔಷಧ ನಡೆದಿತ್ತು. ಹುಡುಗ ಬರುವುದಿಲ್ಲವೆಂದೇ ಹೇಳಿದ್ದ. ಕಾಕಾ ಹಿಂದಿನ ದಿನ ಹೋಗಿ ಏನು ಹೇಳಿದನೋ, ಬೆಳಿಗ್ಗೆ ಆರಕ್ಕೆ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದ.

ಉಳಿದವರು ನಾವು ಓಣಿಯವರು, ನಮ್ಮ ಹೆಂಡಿರು, ನಾಲ್ಕು ಮಕ್ಕಳು. ನಮ್ಮದು ಮೀನು ತಿನ್ನುವ ಮನೆಯಲ್ಲ. "ಪುಣ್ಯದ ಕೆಲಸಕ್ಕೆ ಹೋಗಿ ಮೀನಿನ ಪಾಪ ಕಟ್ಟಿಕೊಂಡು ಬರುತ್ತೀರಾ?" ಎಂದು ನನ್ನ ತಾಯಿ ಬಾಗಿಲಲ್ಲಿಯೇ ತಡೆದು ಕೇಳಿದ್ದಳು. ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಮನೆಯಾಕೆ ಮಾತ್ರ ಸುಮ್ಮನೆ ಬುತ್ತಿ ಕಟ್ಟಿದಳು: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ, ಮೇಲೆ ಒಂದು ಡಬ್ಬಿ ಬೆಳಗಾವಿಯ ಕುಂದಾ.

ಖಾನಾಪುರದ ದಾರಿ ಬೆಳಗಾವಿಯಿಂದ ತೆಂಕಣಕ್ಕೆ ಇಳಿಯುತ್ತದೆ. ಇಪ್ಪತ್ತೈದು ಕಿಲೋಮೀಟರಿಗೆ ತುಸು ಹೆಚ್ಚು, ಅಷ್ಟೇ. ಆದರೆ ಆ ಅಲ್ಪ ದೂರದಲ್ಲಿಯೇ ನಾಡಿನ ಮುಖ ಬದಲಾಗುವ ಬಗೆ ನೋಡುವಂಥದು. ಪೀರನವಾಡಿ ದಾಟಿದೊಡನೆ ಊರಿನ ಗದ್ದಲ ಹಿಂದುಳಿಯಿತು. ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿಶಾಲ ಆವರಣ ಮಂಜಿನಲ್ಲಿ ಮಸುಕಾಗಿ ಕಂಡಿತು. ಅಲ್ಲಿಂದಾಚೆ ಬಯಲುಸೀಮೆಯ ಬಣ್ಣ ತೆಳುವಾಗುತ್ತ, ಮಲೆನಾಡಿನ ಹಸುರು ಗಾಢವಾಗುತ್ತ ಬಂದಿತು. ಕೊಯ್ಲಾದ ಭತ್ತದ ಗದ್ದೆಗಳು, ಕೆಂಪು ಹಂಚಿನ ಮನೆಗಳು, ಬಣವೆಗಳ ಮೇಲೆ ಕುಳಿತ ಬೆಳ್ಳಕ್ಕಿಗಳು. ಪಕ್ಕದಲ್ಲಿ ಲೋಂಡಾ ಕಡೆಗೆ ಹೋಗುವ ರೈಲುದಾರಿ ಒಮ್ಮೆ ಹತ್ತಿರ ಬಂದು ಒಮ್ಮೆ ದೂರ ಸರಿದು ನಮ್ಮೊಡನೆ ಕಣ್ಣಾಮುಚ್ಚಾಲೆಯಾಡುತ್ತಿತ್ತು.

ಖಾನಾಪುರ ಮಣ್ಣಿನ ಊರು. ಇಲ್ಲಿಯ ಜೇಡಿಮಣ್ಣಿನ ಹಂಚು, ಮಡಕೆ, ಹೂಜಿಗಳಿಗೆ ಹಿಂದಿನಿಂದ ಹೆಸರಿದೆ. ಖಾದಿ ಗ್ರಾಮೋದ್ಯೋಗದವರ ಕುಂಬಾರಿಕೆಯ ಕೇಂದ್ರ ಸಂಸ್ಥೆಯನ್ನು ಈ ಊರಲ್ಲಿ ನೆಲೆಗೊಳಿಸಿದ್ದು ಸುಮ್ಮನೆ ಅಲ್ಲ. ಮಣ್ಣಿನಷ್ಟೇ ನೀರಿನ ಊರೂ ಹೌದು. ತಾಲೂಕಿನ ಪಡುವಣದಲ್ಲಿ, ಕಣಕುಂಬಿಯ ಬೆಟ್ಟದಲ್ಲಿ, ಮಲಪ್ರಭೆ ಹುಟ್ಟಿ ಮೂಡಣಕ್ಕೆ ಹರಿಯುತ್ತಾಳೆ. ಸುಮಾರು 300 ಕಿಲೋಮೀಟರ್ ನಡೆದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಇದೇ ತಾಲೂಕಿನಲ್ಲಿ, ಭೀಮಗಡದ ಕಾಡಿನ ಮಡಿಲಲ್ಲಿ, ಮಹದಾಯಿಯೂ ಹುಟ್ಟುತ್ತಾಳೆ. ಆಕೆ ಪಡುವಣಕ್ಕೆ ಇಳಿದು, ಗೋವೆಯಲ್ಲಿ ಮಾಂಡೋವಿಯೆನಿಸಿ ಪಣಜಿಯ ಬಳಿ ಕಡಲಿಗೆ ಬೀಳುತ್ತಾಳೆ. ಒಂದೇ ತವರಿನ ಹೆಣ್ಣುಮಕ್ಕಳು ಇಬ್ಬರು ಒಬ್ಬರಿಗೊಬ್ಬರು ಬೆನ್ನು ಮಾಡಿ ಎರಡು ದಿಕ್ಕಿನ ಕಡಲುಗಳ ಕಡೆಗೆ ಹೊರಟಂತೆ!

"ನೋಡ್ರಿ ಮಾಸ್ತರ," ಎಂದ ಕಾಕಾ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ, "ಕಡಲು ಕಡಲು ಅಂತಿದ್ರಲ್ಲ, ಎರಡೂ ಕಡಲಿಗೆ ನೀರು ಕಳಸಾವ್ರು ನಾವು. ನಮಗ್ಯಾಕ ಕಾರವಾರ?"

ಕಾಕಾನ ಹಳ್ಳಿಯ ಮನೆಯಲ್ಲಿ ಆತನ ತಂಗಿ ಇದ್ದಾರೆ. ಬಿಸಿ ಚಹಾ, ಅವಲಕ್ಕಿಯ ಉಪಚಾರ ಮುಗಿಸಿ ಹೊಳೆಗೆ ಹೊರಟೆವು. ಅಣ್ಣನ ಕೈಯಲ್ಲಿ ಬಿದಿರಿನ ಗಾಳದ ಕೋಲನ್ನು ಕಂಡ ಆ ಮುದುಕಿ ಬಾಗಿಲಲ್ಲಿ ನಿಂತೇಬಿಟ್ಟರು. "ಅಣ್ಣಾ, ನೀ ಗಾಳ ಹಿಡಿದೀ?" ಎಂದು ಕೇಳಿದರು. ಕಾಕಾ ಉತ್ತರಿಸಲಿಲ್ಲ. ನಾನು ಅದನ್ನು ಆಗ ಅಷ್ಟಾಗಿ ಗಮನಿಸಲಿಲ್ಲ.

ಡಿಸೆಂಬರಿನ ಮಲಪ್ರಭೆ ಶಾಂತಳು. ಆಷಾಢದಲ್ಲಿ ಕಣಕುಂಬಿ, ಜಾಂಬೋಟಿಗಳ ಮಳೆಯನ್ನೆಲ್ಲ ಹೊತ್ತು ಕೆಂಪಾಗಿ ಮೊರೆಯುವ ಆ ಹೊಳೆಯೇ ಇದು ಎಂದು ನಂಬಲಾಗದು. ಕರಿಯ ಬಂಡೆಗಳ ನಡುವೆ ತಿಳಿನೀರು ಜುಳುಜುಳು ಹರಿದು, ಒಂದು ತಿರುವಿನಲ್ಲಿ ಹೊಳೆಮತ್ತಿಯ ಮರಗಳ ನೆರಳಿನಲ್ಲಿ ಆಳವಾದ ಮಡುವಾಗಿತ್ತು. ನೀಲಿಯ ಮಿಂಚುಳ್ಳಿಯೊಂದು ನಮಗಿಂತ ಮೊದಲೇ ಬೇಟೆಗೆ ಕುಳಿತಿತ್ತು. ಮೇಲ್ಗಡೆ ಅಸೋಗದ ರಾಮಲಿಂಗೇಶ್ವರನ ಗುಡಿಯ ಹತ್ತಿರವೇ ಹೋಗೋಣವೆಂದು ಯಾರೋ ಹೇಳಿದ್ದಕ್ಕೆ ಕಾಕಾ ಒಪ್ಪಿರಲಿಲ್ಲ. "ದೇವರ ಮುಂದಿನ ನೀರಾಗ ಗಾಳ ಹಾಕಬಾರದು. ಅಲ್ಲಿ ಮೀನಕ್ಕೂ ರಜಾ" ಎಂದಿದ್ದ.

ಕಾಕಾನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ಆತ ತನ್ನ ಚೀಲದಿಂದ ಹೊಸ ಗಾಳಗಳ ಪೊಟ್ಟಣವನ್ನೂ, ಅದರ ಜೊತೆಗೆ ತುಕ್ಕು ಹಿಡಿದ ತಂಬಾಕಿನ ಡಬ್ಬಿಯೊಂದನ್ನೂ ತೆಗೆದ. ಡಬ್ಬಿಯನ್ನು ತೆರೆಯದೆ ಕುರ್ಚಿಯ ಪಕ್ಕದಲ್ಲಿಟ್ಟುಕೊಂಡ. ಬಳಿಕ ಪಾಠ ಆರಂಭವಾಯಿತು. ನೂಲನ್ನು ಗಾಳದ ಕಣ್ಣಿನಲ್ಲಿ ಪೋಣಿಸುವುದು ಹೇಗೆ, ಎಷ್ಟು ಸುತ್ತು ಸುತ್ತಿ ಬಿಗಿಯಬೇಕು, ಜೋಳದ ದಂಟಿನ ಬೆಂಡನ್ನು ಎಷ್ಟೆತ್ತರಕ್ಕೆ ಕಟ್ಟಿದರೆ ಗಾಳ ಎಷ್ಟು ಆಳಕ್ಕೆ ಇಳಿಯುತ್ತದೆ, ಬೆಂಡು ಸುಮ್ಮನೆ ಕುಣಿದರೆ ಏನರ್ಥ, ಒಮ್ಮೆಲೇ ಮುಳುಗಿದರೆ ಏನರ್ಥ. ಮಕ್ಕಳು ಎರೆಹುಳು ತಂದರು. ನನ್ನ ಮನೆಯಾಕೆ ಹುಳುವನ್ನು ನೋಡಲಾರದೆ ಕಾಕಾನ ತಂಗಿಯಿಂದ ಚಪಾತಿಯ ಕಣಕವನ್ನು ಕೇಳಿ ತಂದು ಉಂಡೆ ಮಾಡಿಕೊಟ್ಟಳು. ಹೊಳೆಯ ಮೀನುಗಳು ಆ ದಿನ ಹುಳುವಿಗಿಂತ ಕಣಕವನ್ನೇ ಹೆಚ್ಚು ಮೆಚ್ಚಿದವೆಂದು ವರದಿ ಮಾಡದಿದ್ದರೆ ನನಗೆ ಮನೆಯಲ್ಲಿ ಉಳಿಗಾಲವಿಲ್ಲ.

ನಾಯಕರು ಒಂದು ಬಂಡೆಯ ಮೇಲೆ ಕುಳಿತು ಗಾಳವನ್ನು ನೂಲಿಗೆ ಕಟ್ಟಲು ಯತ್ನಿಸುತ್ತಿದ್ದರು. ಬಲಗೈಯಲ್ಲಿ ಉಳಿದ ಹೆಬ್ಬೆರಳು, ಕಿರುಬೆರಳುಗಳ ನಡುವೆ ಆ ಸಣ್ಣ ಕಬ್ಬಿಣ ನಿಲ್ಲುತ್ತಿರಲಿಲ್ಲ. ಎರಡು ಸಲ ಜಾರಿ ಬಿದ್ದಿತು. ನಾನು ಸಹಾಯಕ್ಕೆ ಏಳಬೇಕೆಂದವನು ಕಾಕಾನ ಕಣ್ಣು ನೋಡಿ ಕುಳಿತೆ. ಅಷ್ಟರಲ್ಲಿ ಹತ್ತು ವರುಷದ ನನ್ನ ಮಗಳು ಅವರ ಬಳಿಗೆ ಹೋಗಿ, "ನಾಯಕ ಮಾಮಾ, ನನಗ ಸುತ್ತು ಹಾಕಾಕ ಬರ್ತೈತಿ, ಆದ್ರ ಬಿಗಿಯಾಕ ಬರೂದಿಲ್ಲ. ನೀವು ಬಿಗೀರಿ" ಎಂದಳು. ಅವಳು ಸುತ್ತಿದಳು, ಅವರು ನೂಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದರು. ಆ ದಿನವಿಡೀ ಇಬ್ಬರೂ ಒಂದೇ ಕೋಲಿನಲ್ಲಿ ಪಾಲುದಾರರಾಗಿದ್ದರು. ಯಾರಿಗೆ ಯಾರು ಉಪಕಾರ ಮಾಡಿದರೆಂದು ಲೆಕ್ಕ ಹಾಕಲು ಅಲ್ಲಿ ಅವಕಾಶವೇ ಇರಲಿಲ್ಲ.

ಮೀನು ಹಿಡಿಯುವುದೆಂದರೆ ಬಹುಮಟ್ಟಿಗೆ ಮೀನು ಹಿಡಿಯದೆ ಕುಳಿತಿರುವುದು. ಇದನ್ನು ನಾನು ಅಂದೇ ಕಲಿತೆ. ಮಕ್ಕಳಿಗೆ ಬೇಸರ ಬಂದಿತು. ಷರತ್ತು ಮರೆತ ಪಕ್ಕದ ಮನೆಯ ಹುಡುಗ, "ಅಜ್ಜಾರೀ, ಲಡಾಯಿದ ಒಂದು ಕಥಿ ಹೇಳ್ರಿ" ಎಂದುಬಿಟ್ಟ. ನಾವು ಹಿರಿಯರು ಉಸಿರು ಬಿಗಿಹಿಡಿದೆವು. ಕಾಕಾ ಸಿಟ್ಟಾಗಲಿಲ್ಲ. "ನನ್ನದು ಬ್ಯಾಡ. ನಮ್ಮ ರೆಜಿಮೆಂಟಿನ ಹಿರಿಯಾಂವ ಒಬ್ಬನ ಕಥಿ ಹೇಳ್ತೀನಿ" ಎಂದ.

ಅದು ನಾಮದೇವ ಜಾಧವನ ಕಥೆ. 1945ರ ಏಪ್ರಿಲ್ 9ರಂದು ಇಟಲಿಯ ಸೆನಿಯೋ ಎಂಬ ನದಿಯನ್ನು ದಾಟುವಾಗ ಶತ್ರುವಿನ ಗುಂಡಿನ ಮಳೆ ಸುರಿಯಿತು. ಗಾಯಗೊಂಡು ಬಿದ್ದ ಜೊತೆಗಾರನೊಬ್ಬನನ್ನು ಸಿಪಾಯಿ ಜಾಧವನು ಹೊತ್ತು, ಆಳವಾದ ನೀರಿನಲ್ಲಿ ನಡೆದು, ಕಡಿದಾದ ದಂಡೆಯನ್ನೇರಿ, ನೆಲಬಾಂಬುಗಳ ಪಟ್ಟಿಯನ್ನು ದಾಟಿ ಸುರಕ್ಷಿತ ಸ್ಥಳಕ್ಕೆ ಸೇರಿಸಿದನು. ಮತ್ತೆ ಅದೇ ದಾರಿಯಲ್ಲಿ ಹಿಂದಿರುಗಿ ಇನ್ನೊಬ್ಬ ಗಾಯಾಳುವನ್ನು ಹೊತ್ತು ತಂದನು. ಆ ಬಳಿಕವೇ ಒಬ್ಬನೇ ಹೋಗಿ ಶತ್ರುವಿನ ಮೆಷಿನ್‌ಗನ್ ನೆಲೆಗಳನ್ನು ಮುರಿದನು. ಅವನಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು.

"ಮಷೀನ್‌ಗನ್ ಹೊಡದದ್ದು ಎಲ್ಲಾರೂ ಹೇಳ್ತಾರ," ಎಂದು ಕಾಕಾ ಮುಗಿಸಿದ. "ನೀವು ನೆನಪಿಡೋದು, ಅವ ಮೊದಲು ಹೊತ್ತು ತಂದ. ಸಿಪಾಯಿ ಅಂದ್ರ ಹೊಡಿಯಾವಷ್ಟs ಅಲ್ಲ, ಹೊರಾವನೂ ಹೌದು."

ಮಧ್ಯಾಹ್ನದ ಊಟವಾಯಿತು. ಕಾಕಾನ ತಂಗಿ ಕಳಿಸಿದ ಅನ್ನ, ಮೀನಿನ ಸಾರು ಅವರಿಗೆ; ರೊಟ್ಟಿ, ಎಣ್ಣೆಗಾಯಿ ನಮಗೆ; ಕುಂದಾ ಎಲ್ಲರಿಗೆ. ಬೆಳಗಿನಿಂದ ಸಿಕ್ಕ ಮೀನುಗಳು ಒಟ್ಟು ಐದು, ಎಲ್ಲವೂ ಗೇಣಿಗಿಂತ ಚಿಕ್ಕವು. ಇಪ್ಪತ್ತಾರರ ಆ ತರುಣನಿಗೆ ಒಂದೂ ಸಿಕ್ಕಿರಲಿಲ್ಲ. ಬೆಳಗಿನಿಂದ ಆತ ಆಡಿದ್ದು ನಾಲ್ಕೈದು ಮಾತು. ಬೆನ್ನ ಹಿಂದೆ ಯಾರಾದರೂ ನಡೆದರೆ ತಟ್ಟನೆ ತಿರುಗಿ ನೋಡುತ್ತಿದ್ದ. ಊಟದ ಬಳಿಕ ಮಡುವಿನ ತುದಿಯಲ್ಲಿ, ಹೊಳೆಮತ್ತಿಯ ಬೇರಿಗೆ ಬೆನ್ನು ಕೊಟ್ಟು, ಕೋಲನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಕುಳಿತ.

ಎರಡು ಗಂಟೆಯ ಹೊತ್ತು. ಗಾಳಿ ನಿಂತಿತ್ತು. ಬಿಸಿಲು ನೀರಿನ ಮೇಲೆ ಸಣ್ಣಗೆ ಮಿನುಗುತ್ತಿತ್ತು. ಇದ್ದಕ್ಕಿದ್ದಂತೆ ನನ್ನ ಮಗಳು ನನ್ನ ತೋಳನ್ನು ಹಿಡಿದೆಳೆದಳು. ತರುಣನ ಬೆಂಡು ಒಮ್ಮೆ ಕುಣಿದು, ಒಮ್ಮೆಲೇ ಬುಳಕ್ಕನೆ ಮುಳುಗಿತು. ಬಿದಿರಿನ ಕೋಲು ಬಿಲ್ಲಿನಂತೆ ಬಾಗಿತು. ಬೆಳಗಿನಿಂದ ಕಾಣದ ದೊಡ್ಡ ಮೀನು ಎಂಬುದು ನನಗೂ ತಿಳಿಯುವಂತಿತ್ತು. ಮಕ್ಕಳು ಕೂಗಲು ಬಾಯಿ ತೆರೆದರು.

ಕಾಕಾ ತುಟಿಯ ಮೇಲೆ ಬೆರಳಿಟ್ಟ.

ಆಗ ನಾವು ನೋಡಿದೆವು. ತರುಣ ನಿದ್ರಿಸುತ್ತಿದ್ದ. ತಲೆ ಒಂದು ಬದಿಗೆ ವಾಲಿತ್ತು, ಬಾಯಿ ತುಸು ತೆರೆದಿತ್ತು, ಮುಷ್ಟಿ ಸಡಿಲಿತ್ತು. ಎಳೆಯ ಮಗುವಿನ ನಿದ್ದೆ. ಕೋಲು ಅವನ ತೊಡೆಗಳ ಮಧ್ಯದಿಂದ ಮೆಲ್ಲನೆ ಜಾರಿ, ಬಂಡೆಯ ಮೇಲೆ ಸರಿದು, ನೀರಿಗಿಳಿದು, ಮೀನಿನ ಹಿಂದೆ ಹೊರಟುಹೋಯಿತು. ಹದಿಮೂರು ಜನ ಕುಳಿತಲ್ಲಿಯೇ ಕುಳಿತು ಅದನ್ನು ನೋಡಿದೆವು. ಒಬ್ಬರೂ ಅಲುಗಲಿಲ್ಲ. "ಹೋಗಲಿ," ಎಂದು ಕಾಕಾ ಪಿಸುಗುಟ್ಟಿದ, "ಮೀನ ನಾಳೆ ಸಿಕ್ಕೀತು."

ಅವನು ಎರಡು ತಾಸಿಗೂ ಮಿಕ್ಕಿ ಮಲಗಿದ. ಅಷ್ಟು ಹೊತ್ತೂ ನಮ್ಮ ಮಕ್ಕಳು, ತರಗತಿಯಲ್ಲಿ ಎಂದೂ ಸುಮ್ಮನಿರದ ಮಕ್ಕಳು, ಪಿಸುಮಾತಿನಲ್ಲಿಯೇ ಆಡಿದರು. ಬಿಸಿಲು ಅವನ ಮುಖದ ಮೇಲೆ ಬಂದಾಗ ನಾಯಕರು ಎದ್ದು, ತಮ್ಮ ಟವೆಲನ್ನು ಒಂದು ಟೊಂಗೆಗೆ ಹರಡಿ ನೆರಳು ಮಾಡಿದರು.

ನಾನು ಕಾಕಾನ ಪಕ್ಕದಲ್ಲಿ ಕುಳಿತಿದ್ದೆ. ಬಹಳ ಹೊತ್ತಿನ ಮೇಲೆ ಕಾಕಾ, ನಾನು ಕೇಳದೆಯೇ, ನೀರಿನ ಕಡೆ ನೋಡುತ್ತ ಮಾತಾಡಿದ.

"ಇವತ್ತು ಹನ್ನೊಂದನೇ ತಾರೀಖು, ಮಾಸ್ತರ. ಐವತ್ತೊಂದು ವರ್ಷ ಆತು. ಇದೇ ದಿನ ಮುಂಜಾನೆ ಜಮಾಲ್‌ಪುರ ಬಿತ್ತು."

ಇತಿಹಾಸ ಓದಿದ ನನಗೆ ಆ ಹೆಸರು ಗೊತ್ತಿತ್ತು. 1971ರ ಡಿಸೆಂಬರಿನಲ್ಲಿ ಇಂದಿನ ಬಾಂಗ್ಲಾದೇಶದ ಯುದ್ಧದಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಮೊದಲನೆಯ ದಳ, 'ಜಂಗೀ ಪಲ್ಟನ್', ಬ್ರಹ್ಮಪುತ್ರವನ್ನು ದಾಟಿ ಜಮಾಲ್‌ಪುರದ ಹಿಂದಿನ ದಾರಿಯನ್ನು ಕಟ್ಟಿ ನಿಂತಿತು. ಶರಣಾಗಿರೆಂದು ಬರೆದ ಭಾರತದ ಬ್ರಿಗೇಡಿಯರರ ಪತ್ರಕ್ಕೆ ಪಾಕಿಸ್ತಾನದ ದಳಪತಿ ಉತ್ತರದ ಕಾಗದದಲ್ಲಿ ಒಂದು ಗುಂಡನ್ನು ಸುತ್ತಿ ಕಳುಹಿಸಿದನು. ಡಿಸೆಂಬರ್ 10ರ ರಾತ್ರಿ ಕೋಟೆಯೊಳಗಿನ ಪಡೆ ದಾರಿ ಬಿಡಿಸಿಕೊಳ್ಳಲೆಂದು ಜಂಗೀ ಪಲ್ಟನ್ನಿನ ಮೇಲೆ ಎರಗಿತು. ಬೆಳಗಾಗುವುದರೊಳಗೆ ಎಲ್ಲ ಮುಗಿದಿತ್ತು. ಇಷ್ಟು ನನ್ನ ಪುಸ್ತಕದ ತಿಳಿವು.

"ನನ್ನ ಜೋಡಿದಾರ ಒಬ್ಬಾಂವ ಇದ್ದ," ಎಂದು ಕಾಕಾ ಮುಂದುವರಿಸಿದ. "ಅಗೋ, ಆಚೀ ದಂಡೀ ಊರಾವ. ನನಗ ಗಾಳ ಕಟ್ಟೋದು ಕಲಿಸಿದಾವ ಅವನs. ಬ್ರಹ್ಮಪುತ್ರ ದಾಟುವಾಗ ದೋಣಿಯೊಳಗ ನನ್ನ ಕಿವಿಯೊಳಗ ಹೇಳಿದ: 'ಎಷ್ಟು ದೊಡ್ಡ ಹೊಳಿ ಐತಲೇ, ಎಂಥೆಂಥಾ ಮೀನ ಇರಬೇಕು! ಗಾಳ ತರೋದು ಮರತೇವಲ್ಲ!' ಅಂತ. ಗುಂಡು ಬೀಳೋ ಹೊತ್ತಿನ್ಯಾಗ ನಗು ತಡಿಯಾಕ ಆಗಲಿಲ್ಲ ನನಗ. ಮುಂದಿನ ರಜಾಕ್ಕ ಇದs ಮಡುವಿಗೆ ಬರೋದು ಅಂತ ಮಾತಾಗಿತ್ತು. ಆ ರಾತ್ರಿ ಅವ ಹೋದ."

ಕಾಕಾ ತುಕ್ಕು ಹಿಡಿದ ಡಬ್ಬಿಯನ್ನು ಎತ್ತಿಕೊಂಡು ತೆರೆದ. ಒಳಗೆ ಕಪ್ಪಾದ ಮೂರು ಹಳೆಯ ಗಾಳಗಳಿದ್ದವು. ಮತ್ತೆ ಮುಚ್ಚಿದ.

"ಅಂದಿನಿಂದ ನಾ ಗಾಳ ಮುಟ್ಟಿಲ್ಲ. ಈ ದಿನ ಬಂತಂದ್ರ ಬಾಗಿಲಾ ಹಾಕ್ಕೊಂಡು ಒಬ್ಬನs ಕೂಡ್ತಿದ್ದೆ. ಈ ವರ್ಷ ನೀವು ಬಂದು ಕಡಲು, ದೋಣಿ, ಮೀನ ಅಂದ್ರಿ. ಸಿಟ್ಟ ಬಂತು ನನಗ. ಆಮ್ಯಾಲ ಅನಿಸಿತು, ಒಬ್ಬನs ಕೂಡೋದು ಸಾಕು ಅಂತ. ಈ ಹುಡುಗಗ ನಿನ್ನೆ ಇಷ್ಟs ಹೇಳಿದೆ: ನನಗೂ ನಿದ್ದಿ ಬರೂದಿಲ್ಲೋ ತಮ್ಮಾ, ಜೊತೀಗೆ ಬಾ."

ನಾನು ಏನೂ ಹೇಳಲಿಲ್ಲ. ಹೇಳಬೇಕಾದುದು ಏನೂ ಇರಲಿಲ್ಲ. ಮಿಂಚುಳ್ಳಿ ಒಮ್ಮೆ ನೀರಿಗೆ ಬಿದ್ದು ಎದ್ದಿತು.

ಹಿಂದಿರುಗುವ ಮುನ್ನ, ದಾರಿ ತುಸು ಸುತ್ತಾದರೂ, ನಂದಗಡಕ್ಕೆ ಹೋದೆವು. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು ಅದು. ಕಿತ್ತೂರಿನ ಆ ಸಿಪಾಯಿಯ ಸಮಾಧಿಯ ಮೇಲೆ ಬೆಳೆದ ಆಲದ ಮರವನ್ನು ಜನ ದೇವರಂತೆ ಕಾಣುತ್ತಾರೆ. ಮಕ್ಕಳಾಗಲೆಂದು ಹರಸಿಕೊಂಡವರು ಪುಟ್ಟ ತೊಟ್ಟಿಲುಗಳನ್ನು ಕಟ್ಟುತ್ತಾರೆ. ಗಲ್ಲಿಗೇರಿದವನ ಬಳಿ ಹುಟ್ಟನ್ನು ಬೇಡುವ ನಮ್ಮ ಜನರ ಬುದ್ಧಿಯನ್ನು ನಾನು ಅದುವರೆಗೆ ಸರಿಯಾಗಿ ಅರಿತಿರಲಿಲ್ಲ. ಸಿಪಾಯಿಯನ್ನು ಅವರು ಭಾಷಣದಲ್ಲಿ ನೆನೆಯುವುದಿಲ್ಲ. ತಮ್ಮ ಮನೆಯ ಸುಖದುಃಖಗಳ ನಡುವೆ ಕೂಡಿಸಿಕೊಳ್ಳುತ್ತಾರೆ. ಮೂವರು ಸಿಪಾಯಿಗಳು ಮರದ ಮುಂದೆ ಸಾಲಾಗಿ ನಿಂತು ಸೆಲ್ಯೂಟ್ ಮಾಡಿದರು. ನಾವು ಕೈಮುಗಿದೆವು.

ವಾಚಕರೇ, ಒಂದು ದಿನ ಹೊಳೆಯ ದಂಡೆಯಲ್ಲಿ ಕುಳಿತುದರಿಂದ ಎಲ್ಲವೂ ಸರಿಹೋಯಿತೆಂದು ಬರೆದರೆ ನಾನು ಸುಳ್ಳಾಡಿದಂತಾದೀತು. ಆ ರಾತ್ರಿ ಹುಡುಗ ಮತ್ತೆ ಬಾಗಿಲಿಂದ ಕಿಟಕಿಗೆ ನಡೆದನೆಂದು ಅವನ ತಾಯಿ ಮರುದಿನ ಹೇಳಿದರು. ವೈದ್ಯರ ಔಷಧ ವೈದ್ಯರದೇ. ಅದರ ಜಾಗವನ್ನು ಗಾಳ ತುಂಬಲಾರದು. ಆದರೆ ಮುಂದಿನ ರವಿವಾರ ಬೆಳಿಗ್ಗೆ ಅವನು ತಾನಾಗಿಯೇ ಕಾಕಾನ ಮನೆಯ ಬಾಗಿಲಲ್ಲಿ ನಿಂತಿದ್ದ. "ಕಾಕಾರೀ, ಹೊಳಿಗೆ ಹೋಗೋಣೇನ್ರಿ? ನನ್ನ ಕೋಲು ಅಲ್ಲೇ ಉಳಿದೈತಿ" ಎಂದನಂತೆ. ಕಾಕಾ ಕಾಲು ಕಟ್ಟಿಕೊಂಡು ಎದ್ದ. ರಜೆ ಮುಗಿದು ಹೋಗುವವರೆಗೆ ಮೂರು ರವಿವಾರ ಇಬ್ಬರೂ ಬೆಳಗಿನ ಗಾಡಿ ಹಿಡಿದು ಹೋದರು. ಖರ್ಚು ಸಮ ಸಮ.

ನಾನು ಇಂದಿಗೂ ಡಿಸೆಂಬರ್ 7ರಂದು ಮಕ್ಕಳ ಕೈಗೆ ಧ್ವಜದ ಡಬ್ಬಿಯನ್ನು ಕೊಡುತ್ತೇನೆ. ಆ ಹಣ ಬೇಕಾದುದೇ. ಆದರೆ ಕೊಡುವಾಗ ಒಂದು ಮಾತು ಸೇರಿಸುತ್ತೇನೆ: ಹಣ ಹಾಕಿದ ಮೇಲೆ, ನಿಮ್ಮ ಓಣಿಯಲ್ಲಿ ಸಿಪಾಯಿ ಯಾರಾದರೂ ಇದ್ದರೆ ಅವರ ಮನೆಗೆ ಹೋಗಿರಿ. ಕಥೆ ಕೇಳಬೇಡಿರಿ. ಸುಮ್ಮನೆ ಪಕ್ಕದಲ್ಲಿ ಕುಳಿತು ಬನ್ನಿರಿ.

ಅಂದು ರಾತ್ರಿ ಬಾಗಿಲಲ್ಲಿ ಕಾದಿದ್ದ ನನ್ನ ತಾಯಿ, "ಎಷ್ಟು ಮೀನು ಕೊಂದಿರಪ್ಪಾ?" ಎಂದು ಕೇಳಿದ್ದಳು. ನಾನು ನಡೆದುದನ್ನೆಲ್ಲ ಹೇಳಿದೆ. ಮುಳುಗಿದ ಬೆಂಡು, ಜಾರಿದ ಕೋಲು, ಮಲಗಿದ ಹುಡುಗ. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಮುಂದಿನ ವರುಷ ಹೋಗುವಾಗ ನನಗೂ ಹೇಳು. ಹೋಳಿಗೆ ಮಾಡಿಕೊಡುತ್ತೇನೆ" ಎಂದಳು.